ಹೊಸ ಖಂಡದ ರುಚಿ ತೋರಿಸಿದ ಸಪ್ತಖಂಡ ಟೂರ್ಸ್‌ನವರಿಗೆ

ಶ್ರೀ ಗುರುಪ್ರಸಾದ್ ಅವರಿಗೆ,
ಮಾಲೀಕರು, ಸಪ್ತಖಂಡ ಟೂರ್ಸ್, ನಂಜನಗೂಡು.

ಮಾನ್ಯರೇ,

ಒಂದು ಮಾತನ್ನು ಹೇಳದೆಯೇ ಈ ಪತ್ರ ಮುಗಿಸುವವಳಿದ್ದೆ. ಹರಿದು ಹಾಕಿದ ಎರಡು ಕರಡುಗಳು ಹಾಗೆಯೇ ಮುಗಿದಿದ್ದವು, ಓದಲು ಚೆನ್ನಾಗಿಯೂ ಇದ್ದವು. ಆ ಮಾತನ್ನು ಕೊನೆಗೆಂದು ಇಟ್ಟುಕೊಂಡರೆ ಮತ್ತೆ ಧೈರ್ಯ ತಪ್ಪಬಹುದಾದ್ದರಿಂದ ಮೊದಲೇ ಬರೆದುಬಿಡುತ್ತೇನೆ. ನವೆಂಬರ್ ಒಂದರಂದು ತಾವು ನಮ್ಮ ಮನೆಗೆ ತಲುಪಿಸಿದ ಕಾರ್ಡಿನಲ್ಲಿ ನನ್ನ ಬಗ್ಗೆ ತಪ್ಪಾಗಿ ಅಚ್ಚಾದ ಸಂಗತಿ ತಪ್ಪಲ್ಲ. ನಾನು ಮಾಂಸ ತಿಂದಿದ್ದೇನೆ.

ಇಷ್ಟು ಹೇಳಿದ ಮೇಲೆ ಕ್ಷೇಮಸಮಾಚಾರಕ್ಕೆ ಬರಬಹುದು. ತಾವು, ತಮ್ಮ ಮನೆಯವರು, ತಮ್ಮ ಕಚೇರಿಯಲ್ಲಿ ಕನ್ನಡ ಬರೆಯುವ ಆ ಕಂಪ್ಯೂಟರು ಎಲ್ಲರೂ ಆರೋಗ್ಯವಾಗಿರುವಿರೆಂದು ನಂಬಿದ್ದೇನೆ. ನಾನು ಇದೇ ಊರಿನ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಪಾಠ ಮಾಡುವ, ನಲವತ್ತಾರು ವರ್ಷದ, ತಮ್ಮ ಸಂಸ್ಥೆಯ ಜೊತೆ ಐದು ಬೇಸಿಗೆಗಳಲ್ಲಿ ಐದು ಸಲ ಯುರೋಪ್ ನೋಡಿಬಂದ ನಂದಿತಾ. ಇದೇ ತಿಂಗಳ ಮೂರನೆಯ ತಾರೀಕು ತಮ್ಮ ಕಚೇರಿಗೆ ಬಂದು, ಮೇಜಿನ ಮೇಲೆ ಆ ಕಾರ್ಡನ್ನು ಹಾಕಿ, ನನ್ನ ಮಾನಕ್ಕೆ ಕುಂದು ಬಂದಿದೆ, ತಿದ್ದುಪಡಿ ಹಾಕಿಸಿ ಎಂದು ದನಿಯೇರಿಸಿದವಳೂ ನಾನೇ. ಅಂದು ತಾವು ಎಳನೀರು ತರಿಸಿಕೊಟ್ಟಿರಿ. ನಾನು ಅದನ್ನು ಕುಡಿದೆ. ಮಾನಕ್ಕೆ ಕುಂದು ಬಂದವಳು ಅಷ್ಟು ನೆಮ್ಮದಿಯಾಗಿ ಅದರೊಳಗಿನ ಗಂಜಿಯನ್ನೂ ಕೆರೆಸಿಕೊಂಡು ತಿನ್ನುತ್ತಾಳೆಯೇ ಎಂದು ತಾವು ಕೇಳಲಿಲ್ಲ. ಅದು ತಮ್ಮ ದೊಡ್ಡತನ.

ಹೆಸರಿನಲ್ಲಿ ಏಳು ಖಂಡಗಳನ್ನು ಇಟ್ಟುಕೊಂಡು ಹನ್ನೊಂದು ವರ್ಷ ಒಂದೇ ಖಂಡಕ್ಕೆ ಜನರನ್ನು ಕರೆದುಕೊಂಡು ಹೋದ ತಮ್ಮ ನಿಷ್ಠೆಯನ್ನು ಇಲ್ಲಿ ಮೆಚ್ಚದೆ ಮುಂದುವರಿಯುವುದು ಸರಿಯಲ್ಲ. ಯುರೋಪ್ ಎಂಬ ಅಷ್ಟು ದೊಡ್ಡ ಜಾಗದಲ್ಲಿ ನಮಗೆ ಎಲ್ಲಿಯೂ ಊರು ಬಿಟ್ಟ ಭಾವನೆ ಬಾರದಂತೆ ನೋಡಿಕೊಂಡಿರಿ. ಹಿಮದ ಬೆಟ್ಟದ ತುದಿಯಲ್ಲಿ ಪುಳಿಯೋಗರೆ ಕೊಟ್ಟಿರಿ, ದೋಣಿಯಲ್ಲಿ ಕೋಡುಬಳೆ ಕೊಟ್ಟಿರಿ, ಎಲ್ಲರ ಕೊರಳಿಗೆ ಹಳದಿ ಪಟ್ಟಿಯ ಗುರುತುಚೀಟಿ ಹಾಕಿಸಿದಿರಿ. ರಸಬಾಳೆಯ ಗೊನೆ ಬರೆದ ಬಾವುಟ ಹಿಡಿದು ಮುಂದೆ ನಡೆಯುತ್ತಿದ್ದ ತಮ್ಮ ಟೂರ್ ಮ್ಯಾನೇಜರ್, ಬಿಳಿಗೆರೆಯ ನಿಂಗರಾಜು, ರೋಮಿನ ಆ ಎರಡು ಸಾವಿರ ವರ್ಷದ ಕಟ್ಟಡದ ಮುಂದೆ ನಿಂತು, "ಇದು ಬಾಳ ಹಳೇದು, ಬಿದ್ದೋಗ್ಯದೆ, ಬೇಗ ನೋಡ್ಕೊಂಡು ಬನ್ನಿ, ಬಸ್ಸು ಒಂದೂವರೆಗೆ" ಎಂದು ಹೇಳಿದ್ದಕ್ಕಿಂತ ಸಂಕ್ಷಿಪ್ತವಾದ ಚರಿತ್ರೆಯನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಆದರೂ ಐದು ಸಲ ಏಕೆ ಹೋದೆ ಎಂದು ಈಗ ಕೇಳಿಕೊಳ್ಳುತ್ತಿದ್ದೇನೆ. ಆ ಗೋಪುರ, ಆ ಸರೋವರ, ಆ ಗಡಿಯಾರ ಒಮ್ಮೆ ನೋಡಿದರೆ ಸಾಕಾಗುವಂಥವು. ನನ್ನ ಯಜಮಾನರು ಅಮೃತೇಶ್ ಎರಡನೆಯ ಸಲಕ್ಕೇ ಬೇಸತ್ತು, ಬಸ್ಸಿನಲ್ಲಿ ನಿದ್ದೆ ಮಾಡಲು ಅಷ್ಟು ದೂರ ಹೋಗಬೇಕಾಗಿಲ್ಲವೆಂದು ಹಿಂದೆ ಸರಿದರು. ನಾನು ಸರಿಯಲಿಲ್ಲ. ಕಳಲೆಯವರ ಸೊಸೆ, ಮಠಕ್ಕೆ ನಡೆದುಕೊಳ್ಳುವ ಮನೆಯ ಹೆಣ್ಣುಮಗಳು, ಇಂಥವರ ಹೆಂಡತಿ, ಇಂಥ ಶಾಲೆಯ ಮಿಸ್ಸು ಎಂದು ಯಾರೂ ಗುರುತಿಸದ ಬೀದಿಯೊಂದು ವರ್ಷಕ್ಕೆ ಹನ್ನೆರಡು ದಿನ ಸಿಗುತ್ತಿತ್ತು. ನಾನು ಇಷ್ಟಪಟ್ಟದ್ದು ಆ ಖಂಡವನ್ನಲ್ಲ, ಅಲ್ಲಿ ನಮ್ಮವರು ಯಾರೂ ಇಲ್ಲದಿರುವುದನ್ನು ಎಂದು ತೋರುತ್ತದೆ. ಇದನ್ನು ಖಚಿತವಾಗಿ ಹೇಳಲಾರೆ. ಪುಳಿಯೋಗರೆಯೂ ಚೆನ್ನಾಗಿಯೇ ಇರುತ್ತಿತ್ತು.

ಈಗ ಕಾರ್ಡಿನ ವಿಷಯ. ತಾವು ಈ ವರ್ಷ ಯುರೋಪಿನಾಚೆಗೂ ಕಾಲು ಚಾಚಲು ತೀರ್ಮಾನಿಸಿ, ಆಫ್ರಿಕ, ದಕ್ಷಿಣ ಅಮೆರಿಕ, ಅಂಟಾರ್ಕ್ಟಿಕ, ಇವುಗಳ ಜೊತೆಗೆ 'ಹೊಸ ಖಂಡ: ಏಷ್ಯಾ' ಎಂದೂ ಪಟ್ಟಿ ಮಾಡಿದ್ದೀರಿ. ನಂಜನಗೂಡು ಇಲ್ಲಿಯ ತನಕ ಯಾವ ಖಂಡದಲ್ಲಿತ್ತೋ ತಿಳಿಯದು. ರಾಜ್ಯೋತ್ಸವದ ಗೌರವಕ್ಕೆಂದು ಮೊದಲ ಬಾರಿಗೆ ಕನ್ನಡದಲ್ಲಿ ಕಾರ್ಡು ಮಾಡಿಸಿ, ಕೆಂಪು ಹಳದಿ ದಾರ ಕಟ್ಟಿ, ಹಳೆಯ ಗಿರಾಕಿಗಳ ಮನೆಮನೆಗೆ ನಿಂಗರಾಜು ಕೈಯಲ್ಲೇ ಕಳಿಸಿದಿರಿ. ಇಂಗ್ಲಿಷಿನಲ್ಲಿದ್ದುದನ್ನು ಕಂಪ್ಯೂಟರಿಗೆ ಹಾಕಿದಿರಿ, ಅದು ಒಂದು ನಿಮಿಷದಲ್ಲಿ ಕನ್ನಡ ಮಾಡಿಕೊಟ್ಟಿತು ಎಂದು ತಾವೇ ಹೆಮ್ಮೆಯಿಂದ ಹೇಳಿದಿರಿ. ಆ ಕನ್ನಡವನ್ನು ಈ ಪತ್ರ ಓದುವವರ ಅನುಕೂಲಕ್ಕಾಗಿ ಇಲ್ಲಿ ಇದ್ದದ್ದು ಇದ್ದಂತೆ ಇಳಿಸುತ್ತೇನೆ:

"ಖಂಡಪ್ರಿಯೆ ಶ್ರೀಮತಿ ನಂದಿತಾ ಅವರೇ, ನೀವು ನಮ್ಮ ಜೊತೆ ಐದು ಸಲ ಖಂಡ ಸವಿದಿದ್ದೀರಿ. ಎಷ್ಟು ದಿನ ಅದೇ ಖಂಡ? ಈ ಬೇಸಿಗೆಯಲ್ಲಿ ಹೊಸ ಖಂಡದ ರುಚಿ ನೋಡಿ. ಹಿರಿಯರಿಗೂ ಒಗ್ಗುವ ಮೃದುವಾದ ಖಂಡಗಳು ನಮ್ಮಲ್ಲಿವೆ. ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನಿಮಗೆ ಬೇಕಾದ ಖಂಡ ಆರಿಸಿಕೊಳ್ಳಿ. ಮೊದಲು ಬಂದವರಿಗೆ ದೊಡ್ಡ ಖಂಡ."

ಇದರ ಕೆಳಗೆ ಬಣ್ಣದಲ್ಲಿ ಆನೆ, ಸಿಂಹ, ಜಿರಾಫೆ.

ನಾನು ಓದಿದ್ದು ಮೈಸೂರಿನ ಕಾನ್ವೆಂಟಿನಲ್ಲಿ. ನನಗೆ ಖಂಡ ಎಂದರೆ ಕನ್ನಡ ಪರೀಕ್ಷೆಗೆ ಬಾಯಿಪಾಠ ಮಾಡಿದ, ಭೂಪಟದ ಮೇಲಿನ ಶಬ್ದ. ನಮ್ಮ ಕಡೆ ಅಡುಗೆಮನೆಗಳಲ್ಲಿ ಖಂಡ ಎಂದರೆ ಬಾಡು, ಮಾಂಸ, ಎಂಬುದು ನನಗೆ ಮದುವೆಯಾಗಿ ಈ ಊರಿಗೆ ಬಂದು, ಈ ಶಾಲೆಗೆ ಸೇರಿದ ಮೇಲೆ ಕವನಳಿಂದ ತಿಳಿಯಿತು. ಕವನ ನಮ್ಮ ಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತಾಳೆ, ತಿ. ನರಸೀಪುರದಿಂದ ದಿನವೂ ಒಂದು ಗಂಟೆ ಬಸ್ಸಿನಲ್ಲಿ ಬರುತ್ತಾಳೆ. ಹನ್ನೆರಡು ವರ್ಷದಿಂದ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ ಅವಳದು. ಪ್ರತಿ ಜೂನ್ ತಿಂಗಳಲ್ಲಿ ಅವಳು ಬೋರ್ಡಿನ ಮೇಲೆ 'ಖಂಡಗಳು ಏಳು' ಎಂದು ಬರೆದ ಕೂಡಲೇ ಹಿಂದಿನ ಬೆಂಚಿನಿಂದ, "ಮಿಸ್, ಕೋಳೀನೂ ಸೇರ್ಸಿ ಏಳಾ" ಎಂಬ ಪ್ರಶ್ನೆ ಬರುತ್ತದಂತೆ. ಅವಳ ಉತ್ತರವೂ ಪ್ರತಿ ವರ್ಷ ಒಂದೇ: "ಕೋಳಿ ಉಪಖಂಡ ಕಣೋ, ಕೂತ್ಕೊ."

ತಮ್ಮ ಕಂಪ್ಯೂಟರು ನಮ್ಮ ಶಾಲೆಯಲ್ಲಿ ಓದಿಲ್ಲ. ಅದರ ಮೇಲೆ ನನ್ನ ದೂರಿಲ್ಲ.

ರಾಜ್ಯೋತ್ಸವದ ಬೆಳಿಗ್ಗೆ ಶಾಲೆಯಲ್ಲಿ ಬಾವುಟ ಹಾರಿಸಿದ ಮೇಲೆ ಕವನಳನ್ನು ಕಾಫಿಗೆಂದು ಮನೆಗೆ ಕರೆದುಕೊಂಡು ಬಂದಿದ್ದೆ. ಅಷ್ಟರಲ್ಲೇ ನಿಂಗರಾಜು ಬಂದು ಹೋಗಿದ್ದ. ಕಾರ್ಡು ನಮ್ಮ ಅತ್ತೆ ಪುಟ್ಟಬಸಮ್ಮನವರ ಕೈಯಲ್ಲಿತ್ತು. ಎಪ್ಪತ್ತೆರಡು ವರ್ಷದ ಅವರು ಲಿಂಗಪೂಜೆ ಮಾಡದೆ ಒಂದು ಗುಟುಕು ನೀರನ್ನೂ ಕುಡಿದವರಲ್ಲ, ಮನೆಗೆ ಬಂದ ಯಾವ ಕಾಗದವನ್ನೂ ಗಟ್ಟಿಯಾಗಿ ಓದದೆ ಬಿಟ್ಟವರೂ ಅಲ್ಲ. ನಾವು ಚಪ್ಪಲಿ ಬಿಡುವಾಗ ಅವರು 'ಮೃದುವಾದ ಖಂಡಗಳು' ಎಂಬಲ್ಲಿಗೆ ಬಂದಿದ್ದರು. ಅಮೃತೇಶ್ ಎದುರಿನ ಕುರ್ಚಿಯಲ್ಲಿ ಪೇಪರನ್ನು ಮುಖಕ್ಕೆ ಎಷ್ಟು ಹತ್ತಿರ ಹಿಡಿಯಬಹುದೋ ಅಷ್ಟು ಹತ್ತಿರ ಹಿಡಿದಿದ್ದರು.

"ಏನವ್ವಾ ಇದು," ಎಂದರು ಅತ್ತೆ, ಕಾರ್ಡನ್ನು ನನ್ನ ಕಡೆ ತಿರುಗಿಸಿ. "ಐದು ಸಲ ಸವಿದಿದ್ದೀಯಂತಲ್ಲ. ಹೊರಗಡೆಯೋರು ಮನೆ ಬಾಗಿಲಿಗೆ ತಂದು ಕೊಟ್ಟವ್ರೆ." ಆಮೇಲೆ ಜಿರಾಫೆಯ ಮೇಲೆ ಬೆರಳಿಟ್ಟು, ನಿಜಕ್ಕೂ ತಿಳಿದುಕೊಳ್ಳಬೇಕೆಂಬಂತೆ, "ಇದುನ್ನೂ ತಿಂದ್ರಾ?" ಎಂದು ಕೇಳಿದರು.

ನಗಬಹುದಾಗಿತ್ತು. ಕವನ ಆಗಲೇ ಸೆರಗು ಬಾಯಿಗೆ ಹಿಡಿದಿದ್ದಳು. ಅಷ್ಟಕ್ಕೆ ಮುಗಿದಿದ್ದರೆ ನಾನೂ ಭೂಖಂಡ, ಭೂಪಟ ಎಂದೆಲ್ಲ ವಿವರಿಸಿ, ಎಲ್ಲರೂ ನಕ್ಕು, ತಮಗೆ ಈ ಪತ್ರ ಬರುತ್ತಲೇ ಇರಲಿಲ್ಲ. ಆದರೆ ಅತ್ತೆ ಕನ್ನಡಕ ತೆಗೆದು, "ಅದೇನಾರಾ ಇರ್ಲಿ. ನಿಜ ಹೇಳು. ತಿಂದಿದ್ದೀಯಾ?" ಎಂದರು. ನಾನು ಬಿಟ್ಟ ಚಪ್ಪಲಿಗಳನ್ನೇ ಮತ್ತೆ ಜೋಡಿಸಿಡತೊಡಗಿದೆ. ಏಕೆಂದರೆ ತಿಂದಿದ್ದೆ. ಮೂರನೆಯ ಪ್ರವಾಸದಲ್ಲಿ ಗೊತ್ತಿಲ್ಲದೆ, ನಾಲ್ಕನೆಯದರಲ್ಲಿ ಗೊತ್ತಿದ್ದು, ಐದನೆಯದರಲ್ಲಿ, ಅಂದರೆ ಕಳೆದ ಮೇ ತಿಂಗಳಲ್ಲಿ, ಕವನಳ ಜೊತೆ ಕುಳಿತು.

ಅದು ವಿಯೆನ್ನಾದಲ್ಲಿ. ಕವನ ತಮ್ಮ ಜೊತೆ ಬಂದ ಮೊದಲ ಸಲ ಅದು. ಅಂದು ತಮ್ಮ ಅಡುಗೆಯ ಗಾಡಿ ದಾರಿ ತಪ್ಪಿ, ಊಟ ಎರಡು ಗಂಟೆ ತಡ ಎಂದು ನಿಂಗರಾಜು ಸಾರಿದಾಗ, ನಾವಿಬ್ಬರೂ ಪಕ್ಕದ ಬೀದಿಯ ಸಣ್ಣ ಹೋಟೆಲಿಗೆ ಹೋದೆವು. ನನ್ನ ಕೊರಳಲ್ಲಿ ಇರಬೇಕಾದ ಲಿಂಗ ತಂಗಿದ್ದ ಕೋಣೆಯ ಬೀರುವಿನಲ್ಲಿತ್ತು. ಅದರ ಜಾಗದಲ್ಲಿ ತಮ್ಮ ಹಳದಿ ಪಟ್ಟಿ ಇತ್ತು. ಕೋಳಿಯ ಮಾಂಸವನ್ನು ತೆಳ್ಳಗೆ ಬಡಿದು, ಬ್ರೆಡ್ಡಿನ ಪುಡಿ ಹಚ್ಚಿ ಕರಿದು, ನಿಂಬೆಹೋಳು ಇಟ್ಟು ಕೊಟ್ಟರು. ನಾನು ಬೇಡವೆನ್ನಲಿಲ್ಲ. ಕವನ ಮೊದಲ ತುತ್ತನ್ನು ಬಾಯಿಗಿಟ್ಟು, "ಉಪ್ಪು ಕಮ್ಮಿ ಅಲ್ವಾ ಅಕ್ಕ? ನಮ್ಮವ್ವನ ಕೈಲಿ ಕೊಟ್ಟಿದ್ರೆ ಈ ಕೋಳಿಗೊಂದು ಗತಿ ಕಾಣಿಸ್ತಿತ್ತು. ಊರಿಗೆ ಹೋದ್ಮೇಲೆ ಒಂದು ಭಾನುವಾರ ಬನ್ನಿ" ಎಂದಳು. ಶಾಲೆಯಲ್ಲಿ ಯಾವಾಗಲೂ ಮೇಡಂ ಆಗಿದ್ದವಳು ಆ ಊರಿನಲ್ಲಿ ಅಕ್ಕ ಆಗಿದ್ದೆ. "ಖಂಡಿತ ಬರ್ತೀನಿ" ಎಂದೆ. ಅವಳು ನಕ್ಕು, "ನಮ್ಮನೇಲಿ ಖಂಡ ಅಂದ್ರೆ ಭಾನುವಾರ, ನಿಮಗೆ ಖಂಡ ಅಂದ್ರೆ ಯುರೋಪು. ನಿಮಗೇ ಖರ್ಚು ಜಾಸ್ತಿ" ಎಂದಳು.

ಮಾನ್ಯರೇ, ಹನ್ನೆರಡು ವರ್ಷದಲ್ಲಿ ನಾನು ಅವಳ ಮನೆಗೆ ಹೋದದ್ದು ಒಂದೇ ಸಲ, ಹೊಸ ಮನೆಯ ಊಟಕ್ಕೆ. ಅಂದು ಉಪವಾಸವೆಂದು ಹೇಳಿ, ಸೀಲು ಒಡೆಯದ ಬಾಟಲಿಯ ನೀರು ಕುಡಿದು, ನಾನೇ ಸುಲಿದ ಒಂದು ಬಾಳೆಹಣ್ಣು ತಿಂದು ಬಂದೆ. ಅವಳ ತಾಯಿ ಮಹದೇವಮ್ಮ ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ ನಿಂತು ನಾನು ಸಿಪ್ಪೆ ಸುಲಿಯುವುದನ್ನು ನೋಡುತ್ತಿದ್ದರು. ಆಮೇಲಿನ ಕರೆಗಳಿಗೆಲ್ಲ ನನ್ನ ಬಳಿ ಕಾರಣಗಳಿದ್ದವು: ಸೋಮವಾರ, ಶ್ರಾವಣ, ಕಾರ್ತಿಕ, ಅತ್ತೆಯ ಮಂಡಿನೋವು, ಮೌಲ್ಯಮಾಪನ. ವಿಯೆನ್ನಾಕ್ಕೆ ಹೋಗಲು ಇವು ಯಾವುವೂ ಎಂದೂ ಅಡ್ಡ ಬಂದಿರಲಿಲ್ಲ.

ಅತ್ತೆಯ ಪ್ರಶ್ನೆಗೆ ನಾನು ತಡವರಿಸುತ್ತಿದ್ದಾಗ ಕವನ ಮುಂದೆ ಬಂದು, "ಇಲ್ಲ ಕಣಮ್ಮ. ಮೇಡಂ ಮುಟ್ಟೇ ಇಲ್ಲ. ತಿಂದಿದ್ದು ನಾನು" ಎಂದಳು.

ಅತ್ತೆಯ ಮುಖ ಸಡಿಲವಾಯಿತು. "ನೀನು ತಿಂದ್ರೆ ಏನಾಯ್ತು ಮಗಾ, ನಿಮ್ಮೋರಿಗೆ ಅದು ಇರೋದೇ" ಎಂದು, ಬಹಳ ಪ್ರೀತಿಯಿಂದಲೇ ಹೇಳಿ, ಕಾಫಿ ತರಲು ಒಳಗೆ ಹೋದರು. ಕಾಫಿ ಬಂತು. ನಮಗೆ ಸ್ಟೀಲ್ ಲೋಟದಲ್ಲಿ, ಕವನಳಿಗೆ ಎಂದಿನಂತೆ ಹೂವಿನ ಚಿತ್ರದ ಪಿಂಗಾಣಿ ಕಪ್ಪಿನಲ್ಲಿ. ಆ ಕಪ್ಪು ಅತಿಥಿಯ ಮರ್ಯಾದೆಗೆಂದು ಹನ್ನೆರಡು ವರ್ಷ ನಂಬಿದ್ದೆ. ನಂಬಿದ್ದೆನೇ ಎಂದು ಕೇಳಿಕೊಂಡರೆ ಉತ್ತರ ಅಷ್ಟು ಸುಲಭವಲ್ಲ. ಬೇರೆ ಯಾವ ಅತಿಥಿಗೂ ಆ ಕಪ್ಪು ಬಂದದ್ದನ್ನು ನಾನು ನೋಡಿಲ್ಲ, ಅದನ್ನು ಜಾಲಿಸಿ ಬೇರೆಯಾಗಿ ಕವುಚಿಟ್ಟದ್ದನ್ನು ನೋಡಿದ್ದೇನೆ.

ಕವನ ಕಾಫಿ ಕುಡಿದು, ಕಪ್ಪನ್ನು ಮೆಲ್ಲಗೆ ಕೆಳಗಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಹೊರಟಳು. ಆಮೇಲೆ ನಮ್ಮ ಮನೆಗೆ ಬಂದಿಲ್ಲ. ಸ್ಟಾಫ್ ರೂಮಿನಲ್ಲಿ ಮಧ್ಯಾಹ್ನದ ಡಬ್ಬಿ ತೆಗೆದುಕೊಂಡು ಭೂಪಟಗಳನ್ನಿಡುವ ಕೋಣೆಗೆ ಹೋಗುತ್ತಾಳೆ. ಮೂರನೆಯ ತಾರೀಕು ನಾನು ಅಲ್ಲಿಗೂ ಹೋಗಿ, ಬೇಜಾರಾಯಿತೇ ಎಂದು ಕೇಳಿದೆ. "ಬೇಜಾರೇನಿಲ್ಲ ಮೇಡಂ," ಎಂದಳು, ಡಬ್ಬಿಯ ಮುಚ್ಚಳ ಹಾಕುತ್ತ. "ನಿಮ್ಮ ಪಾಲಿಂದೂ ನಾನೇ ತಿಂದೆ ಅಂತ ಒಪ್ಕೊಂಡ್ನಲ್ಲ, ಹೊಟ್ಟೆ ಸ್ವಲ್ಪ ಭಾರ ಆಗ್ಯದೆ. ಅಷ್ಟೆ."

ಇದಾದ ಮೂರು ಗಂಟೆಗಳ ನಂತರ ನಾನು ತಮ್ಮ ಕಚೇರಿಯಲ್ಲಿದ್ದೆ. ತಿದ್ದುಪಡಿ ಕೇಳಿದೆ. ಸ್ನೇಹಿತೆಯ ಮುಖ ನೋಡಲಾಗದ ಸಿಟ್ಟನ್ನು ತಮ್ಮ ಕಂಪ್ಯೂಟರಿನ ಮೇಲೆ ತೀರಿಸಿಕೊಂಡೆ ಎಂದು ಈಗ ಅರ್ಥವಾಗುತ್ತಿದೆ. ಆ ಯಂತ್ರಕ್ಕೆ ನನ್ನ ಕ್ಷಮಾಪಣೆ ತಿಳಿಸಿ. ತಾವು ಮಾತಿಗೆ ತಪ್ಪದೆ ಹನ್ನೆರಡನೆಯ ತಾರೀಕು ತಿದ್ದುಪಡಿಯ ಮಾದರಿಯನ್ನು ಫೋನಿಗೆ ಕಳಿಸಿದಿರಿ: "ಶ್ರೀಮತಿ ನಂದಿತಾ ಅವರು ಈವರೆಗೆ ಯಾವ ಖಂಡವನ್ನೂ ಮುಟ್ಟಿಲ್ಲ ಎಂದು ಸಂಸ್ಥೆ ಸ್ಪಷ್ಟಪಡಿಸುತ್ತದೆ." ಅದನ್ನು ನಾನು ಎರಡು ಸಲ ಓದಿದೆ. ಮೊದಲ ಕಾರ್ಡಿನಲ್ಲಿ ಅರಿಯದೆ ನಿಜ ಬರೆದವರು ಎರಡನೆಯದರಲ್ಲೂ ಅರಿಯದೆ ನಿಜವನ್ನೇ ಬರೆದಿದ್ದಿರಿ. ಐದು ಸಲ ಹೋಗಿಬಂದೂ ನಾನು ಎಲ್ಲಿಯ ನೆಲವನ್ನೂ ಮುಟ್ಟಿದವಳಲ್ಲ. ತಮ್ಮ ಕಂಪ್ಯೂಟರಿಗೆ ಇಷ್ಟು ಒಳಗಣ್ಣು ಇದೆಯೆಂದು ತಿಳಿದಿದ್ದರೆ ಆ ದಿನ ಅಷ್ಟು ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ.

ಆದ್ದರಿಂದ ನನ್ನ ಮೊದಲ ಮನವಿ: ದಯವಿಟ್ಟು ಆ ತಿದ್ದುಪಡಿಯನ್ನು ಅಚ್ಚು ಹಾಕಿಸಬೇಡಿ. ಅದು ಹೊರಬಂದರೆ ನನ್ನ ಹೆಸರು ಚೊಕ್ಕವಾಗಿ, ಕವನಳ ಹೆಸರು ಮಾತ್ರ ತಟ್ಟೆಯಲ್ಲಿ ಉಳಿಯುತ್ತದೆ. ಮಾಂಸ ತಿನ್ನುವುದು ಶೌರ್ಯವೆಂದಾಗಲಿ, ತಿನ್ನದಿರುವುದು ಶುದ್ಧವೆಂದಾಗಲಿ ನಾನು ಹೇಳುತ್ತಿಲ್ಲ. ಅವರವರ ಹೊಟ್ಟೆ, ಅವರವರ ನಂಬಿಕೆ. ನನ್ನದು ಅಷ್ಟು ದೊಡ್ಡ ವಿಷಯವಲ್ಲ. ನಾನು ತಿಂದು, ಎಲುಬನ್ನು ಪಕ್ಕದವಳ ತಟ್ಟೆಗೆ ಸರಿಸಿದೆ. ಅವಳು ಅದನ್ನು ಸರಿಸಿಕೊಂಡಳು, ಏಕೆಂದರೆ ಅವಳ ತಟ್ಟೆಯಲ್ಲಿ ಯಾರೂ ಎಲುಬು ಎಣಿಸುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಮೊನ್ನೆ ಗುರುವಾರ, ಅಮಾವಾಸ್ಯೆ ಕಳೆದು ಕಾರ್ತಿಕ ಮುಗಿದ ದಿನ, ಅತ್ತೆಗೆ ನಾನೇ ಹೇಳಿದೆ. ಅವರು ಅವರೆಕಾಯಿ ಬಿಡಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಎಲ್ಲಿ?" ಎಂದರು.

"ವಿಯೆನ್ನಾ ಅಂತ, ಅತ್ತೆ."

"ಎಷ್ಟು ದೂರ ಅದು?"

"ಏಳು ಸಾವಿರ ಕಿಲೋಮೀಟರ್ ಇರಬಹುದು."

ಅವರು ಒಂದು ಕಾಯಿ ಬಿಡಿಸುವಷ್ಟು ಹೊತ್ತು ಯೋಚಿಸಿದರು. "ಅಷ್ಟು ದೂರದ್ದು ಇಲ್ಲಿಗಂಟಾ ಅಂಟಲ್ಲ, ಬುಡವ್ವಾ. ಸಮುದ್ರದಾಚೆ ನಡೆದದ್ದು. ಆದ್ರೆ ಇಲ್ಲಿ ನರಸೀಪುರದ ಮನೇಲಿ ಉಂಡುಗಿಂಡು ಬಂದೀಯ. ಊರೊಳಗೆ ತಲೆ ಎತ್ಕೊಂಡು ತಿರುಗಬೇಕು."

ನಾನು ಬೈಗುಳಕ್ಕೆ ಸಿದ್ಧವಾಗಿದ್ದೆ, ಮೌನಕ್ಕೂ ಸಿದ್ಧವಾಗಿದ್ದೆ, ಕ್ಷಮೆಗೆ ಸಿದ್ಧವಾಗಿರಲಿಲ್ಲ. ಅದರಲ್ಲೂ ಇಷ್ಟು ವರ್ಷ ನನಗೆ ನಾನೇ ಕೊಟ್ಟುಕೊಂಡಿದ್ದ ಅದೇ ಕ್ಷಮೆ ಅವರ ಬಾಯಲ್ಲಿ, ಅಳತೆಯ ಸಮೇತ ಬರುತ್ತದೆಂದು ಎಣಿಸಿರಲಿಲ್ಲ. ಅವರನ್ನು ಹಳೆಯ ಕಾಲದವರೆಂದುಕೊಂಡು, ನನ್ನನ್ನು ಇಂಗ್ಲಿಷ್ ಓದಿದವಳೆಂದುಕೊಂಡು ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದೇವೆ. ನಮ್ಮಿಬ್ಬರ ಭೂಗೋಳ ಒಂದೇ.

ಇಲ್ಲಿಂದ ಮುಂದೆ ನನ್ನ ಎರಡನೆಯ ಮನವಿ. ತಾವು ಹೊಸ ಜಾಗಗಳನ್ನು ಹುಡುಕುತ್ತಿದ್ದೀರಿ. ಯಾವ ಸಂಸ್ಥೆಯೂ ಇನ್ನೂ ಕಾಲಿಡದ ಒಂದು ಜಾಗ ನನಗೆ ಗೊತ್ತಿದೆ. ನಂಜನಗೂಡಿನಿಂದ ಒಂದು ಗಂಟೆಯ ಬಸ್ಸು. ಅಲ್ಲಿಗೆ ಒಂದು ದಿನದ ಪ್ರವಾಸ ಏರ್ಪಡಿಸಿಕೊಡಬೇಕಾಗಿ ಕೋರುತ್ತೇನೆ. ನಮ್ಮ ಬೀದಿಯಲ್ಲಿ, ಮಠದ ರಸ್ತೆಯಲ್ಲಿ, ಅಂಗಡಿ ಸಾಲಿನಲ್ಲಿ ಇಂಥ ಯಾತ್ರಿಕರು ಬೇಕಾದಷ್ಟು ಸಿಗುತ್ತಾರೆ. ಬ್ಯಾಂಕಾಕಿನಲ್ಲಿ ತಿಂದವರು, ಗೋವಾದಲ್ಲಿ ತಿಂದವರು, ಮೈಸೂರಿನ ಹೈವೇ ಡಾಬಾದಲ್ಲಿ ಕಾರಿನ ಗಾಜು ಏರಿಸಿಕೊಂಡು ತಿಂದವರು. ಇವರೆಲ್ಲರ ಅನುಕೂಲಕ್ಕೆ ತಾವು ಮೊದಲು ಒಂದು ಕೋಷ್ಟಕ ಮಾಡಿಸಬೇಕು: ಊರಿನಿಂದ ಎಷ್ಟನೆಯ ಮೈಲಿಗಲ್ಲಿಗೆ ಮೈಲಿಗೆ ನಿಲ್ಲುತ್ತದೆ, ಪಕ್ಕದ ಊರಾದ ಕವಲಂದೆಯ ಹತ್ತಿರವೇ ನಿಲ್ಲುತ್ತದೆಯೇ, ವಿಮಾನ ಏರಿದ ಮೇಲೆಯೇ, ಸಮುದ್ರ ದಾಟಲೇಬೇಕೇ. ಬಸ್ಸಿನಲ್ಲಿ ಎಲ್ಲರಿಗೂ ಹಳದಿ ಪಟ್ಟಿ ಹಾಕಿಸಿ, ಏಕೆಂದರೆ ಅದು ಕೊರಳಲ್ಲಿಲ್ಲದೆ ನಮಗೆ ಧೈರ್ಯ ಬರುವುದಿಲ್ಲ. ನರಸೀಪುರದ ಗಡಿಯಲ್ಲಿ ಯಾರಾದರೊಬ್ಬರು ಪಾಸ್‌ಪೋರ್ಟಿಗೆ ಮುದ್ರೆ ಒತ್ತಿ, 'ಇದು ಹೊರದೇಶ' ಎಂದು ಬರೆದುಕೊಡುವ ಏರ್ಪಾಡಾಗಬೇಕು. ನಿಂಗರಾಜು ಬಾವುಟ ಹಿಡಿದು ಮುಂದೆ ನಡೆದು, ಮನೆಯ ಬಾಗಿಲಲ್ಲಿ ನಿಂತು, "ಇದು ಮನೆ. ಇವ್ರು ಮನುಷ್ಯರು. ಚಪ್ಪಲಿ ಬಿಟ್ಟು ಒಳಗೆ ಓಗಿ, ಬಸ್ಸು ಮೂರು ಗಂಟೆಗೆ" ಎಂದು ವಿವರಿಸಬೇಕು. ಶುದ್ಧ ಪುಳಿಯೋಗರೆಯ ಡಬ್ಬಿ ಮಾತ್ರ ಈ ಸಲ ತರಬೇಡಿ.

ಈ ಏರ್ಪಾಡು ತಮಗೆ ಕಷ್ಟವೆಂದಾದರೆ ಬೇಸರವಿಲ್ಲ. ನಾಳೆಯ ಮಟ್ಟಿಗೆ ನಾನೇ ಮಾಡಿಕೊಂಡಿದ್ದೇನೆ.

ನಿನ್ನೆ ಸಂಜೆ ಕವನಳಿಗೆ ಫೋನು ಮಾಡಿ, ಭಾನುವಾರ ಊಟಕ್ಕೆ ಬರಬಹುದೇ ಎಂದು ಕೇಳಿದೆ. ಊಟಕ್ಕೆ ಕರೆಯಿರಿ ಎಂದು ನಾನಾಗಿ ಕೇಳಿದ್ದು ನನ್ನ ಜೀವನದಲ್ಲೇ ಮೊದಲು; ಹೇಗೆ ಕೇಳಬೇಕೆಂಬುದೂ ತಿಳಿಯದೆ ಮೌಲ್ಯಮಾಪನದ ವಿಷಯ ಎರಡು ನಿಮಿಷ ಮಾತಾಡಿದೆ. ಅವಳು ಕೇಳಿಸಿಕೊಂಡು, "ಬನ್ನಿ. ಆದ್ರೆ ಒಂದು. ಅವ್ವ ಬೇರೆ ಪಾತ್ರೆ, ಬೇರೆ ಒಲೆ ಅಂತ ಏನೂ ಮಾಡಲ್ಲ. ನಿಮಗೆ ಬಾಡು ಬೇಡ ಅನ್ಸಿದ್ರೆ ಅನ್ನ ಸೊಪ್ಪುಸಾರು ಉಣ್ಣಿ, ಯಾರೂ ಏನೂ ಅನ್ನಲ್ಲ. ಉಪವಾಸ ಅಂತ ಮಾತ್ರ ಹೇಳ್ಬೇಡಿ" ಎಂದಳು. ಹೇಳುವುದಿಲ್ಲವೆಂದೆ. ಈ ಪತ್ರದ ವಿಷಯವನ್ನೂ ತಿಳಿಸಿ, ಅವಳ ಹೆಸರು ಹಾಕಬಹುದೇ ಎಂದು ಕೇಳಿದೆ. "ಹಾಕಿ. ನನ್ನನ್ನ ಪಾಪ ಅನ್ನೋ ಥರ ಮಾತ್ರ ಬರೀಬೇಡಿ, ನಿಮ್ಮೋರು ಓದಿ ಕಣ್ಣೊರೆಸ್ಕೊಂಡು ಅಲ್ಲಿಗೆ ಮುಗಿಸಿಬಿಡ್ತಾರೆ" ಎಂದಳು. ಎಲ್ಲಿಯಾದರೂ ಹಾಗೆ ಬರೆದಿದ್ದರೆ ತಪ್ಪು ನನ್ನದು. ಅವಳು ಇನ್ನೂ ನನ್ನ ಮೇಲೆ ಸಿಟ್ಟಾಗಿದ್ದಾಳೆ, ಅದು ನ್ಯಾಯವೂ ಹೌದು.

ನಾಳೆ ಎಲ್ಲಿಗೆ ಹೋಗುತ್ತಿದ್ದೇನೆಂದು ಅತ್ತೆಗೂ ಹೇಳಿದ್ದೇನೆ. ಸುಳ್ಳು ಹೇಳಿ ಹೋಗಬಹುದಿತ್ತು, ಮೈಸೂರಿಗೆ ಹೋಗುತ್ತೇನೆಂದರೆ ಸಾಕಿತ್ತು. ಅಮೃತೇಶ್ ಅದನ್ನೇ ಸೂಚಿಸಿದರು. ಅತ್ತೆ ಎದ್ದು ಪೂಜೆಯ ಕೋಣೆಗೆ ಹೋದರು. ಸೋಮವಾರದಿಂದ ನನ್ನ ಕೈಯ ಅಡುಗೆ ಉಣ್ಣುತ್ತಾರೋ ಇಲ್ಲವೋ ಗೊತ್ತಿಲ್ಲ. ಇಪ್ಪತ್ತು ವರ್ಷ ಅವರಿಗೆ ಬಡಿಸಿದ ಕೈ ಇದು. ಅವರು ತಟ್ಟೆ ಸರಿಸಿದರೆ ನನಗೆ ನೋವಾಗುತ್ತದೆ. ಎದುರಿನವರು ನಾವು ಕೊಟ್ಟದ್ದನ್ನು ಮುಟ್ಟದೆ ಎದ್ದು ಹೋಗುವುದು ಹೇಗಿರುತ್ತದೆಂದು ಮಹದೇವಮ್ಮನವರಿಗೆ ಆಗಲೇ ಗೊತ್ತಿದೆ, ನನಗೆ ಇನ್ನೂ ಗೊತ್ತಿಲ್ಲ.

ಈ ಪತ್ರದ ಒಂದು ಪ್ರತಿಯನ್ನು ನಮ್ಮ ಮನೆಗೆ ಬರುವ ಪತ್ರಿಕೆಯ ಓದುಗರ ವಿಭಾಗಕ್ಕೂ ಕಳಿಸುತ್ತಿದ್ದೇನೆ. ಆ ಪುಟವನ್ನು ಅತ್ತೆ ಪ್ರತಿದಿನ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಗಟ್ಟಿಯಾಗಿ ಓದುತ್ತಾರೆ. ಅಕ್ಕಪಕ್ಕದ ಎರಡು ಮನೆಗಳಿಗೂ ಕೇಳಿಸುತ್ತದೆ.

ಐದು ಬೇಸಿಗೆ ತಮ್ಮ ಬಾವುಟದ ಹಿಂದೆ ನಡೆದ, ಆರನೆಯ ಸಲ ಒಬ್ಬಳೇ ಹೊರಟಿರುವ
ತಮ್ಮ ವಿಶ್ವಾಸಿ,
ನಂದಿತಾ

ಬರೆಯಲು ಮರೆತದ್ದು: ತಮ್ಮ ಕಾರ್ಡಿನಲ್ಲಿ ಅಂಟಾರ್ಕ್ಟಿಕ ಪ್ರವಾಸಕ್ಕೂ 'ಸ್ಥಳೀಯ ತಾಜಾ ತರಕಾರಿಗಳಿಂದ ಶುದ್ಧ ಸಸ್ಯಾಹಾರ' ಎಂದಿದೆ. ಅಲ್ಲಿ ತರಕಾರಿ ಬೆಳೆಯುವುದಿಲ್ಲವೆಂದು ತಮಗೆ ತಿಳಿಸುವಂತೆ ನಮ್ಮ ಶಾಲೆಯ ಸಮಾಜ ವಿಜ್ಞಾನದ ಶಿಕ್ಷಕಿ ಹೇಳಿದ್ದಾರೆ. ಅಲ್ಲಿಗೆ ಹೋಗುವ ನಮ್ಮವರು ಏನು ತಿಂದು ಬಂದರೆಂದು ಯಾರೂ ಕೇಳುವುದಿಲ್ಲವಾದ್ದರಿಂದ ತಮಗೆ ಸೀಟುಗಳು ಬೇಗ ತುಂಬುತ್ತವೆ. ಇನ್ನು ಈ ಪತ್ರವನ್ನು ಇಂದೇ, ಶನಿವಾರ, ಬರೆದು ಮುಗಿಸಿದ್ದರೂ ಅಂಚೆಗೆ ಹಾಕುತ್ತಿಲ್ಲ. ಊಟಕ್ಕೆ ಕೂರುವ ಮೊದಲೇ ಹಾಕಿಬಿಟ್ಟರೆ, ಹೋಗದ ಊರನ್ನು ವರ್ಣಿಸುವ ಇನ್ನೊಂದು ಕಾರ್ಡು ಆಗಿಬಿಡುತ್ತದೆ ಎಂಬ ಅಂಜಿಕೆ. ಉಂಡು, ಕೈ ತೊಳೆದು, ಮನೆಗೆ ಬಂದು, ಒಂದು ರಾತ್ರಿ ಕಳೆದ ಮೇಲೂ ಇದರ ಮೊದಲ ಸಾಲುಗಳನ್ನು ಹೊಡೆದುಹಾಕಬೇಕೆಂದು ಅನಿಸದಿದ್ದರೆ, ಶಾಲೆಗೆ ಹೋಗುವ ದಾರಿಯಲ್ಲಿ ಹಾಕುತ್ತೇನೆ: ಸೋಮವಾರ, ೨೪ ನವೆಂಬರ್ ೨೦೨೫.